ಕೊಳಕ್ಕೆ ಬಿದ್ದದ್ದು, ಕೊಳಕ್ಕೆ ಬಿಟ್ಟದ್ದು

1974ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಗಣಿತದ ಮೇಷ್ಟ್ರು ತೊಟ್ಟಿಯ ಲೆಕ್ಕ ಕೊಟ್ಟಿದ್ದರು. ಎರಡು ನಲ್ಲಿಗಳು ತೊಟ್ಟಿಗೆ ನೀರು ತುಂಬುತ್ತವೆ, ಅದೇ ಹೊತ್ತಿಗೆ ಒಂದು ನಲ್ಲಿ ಖಾಲಿ ಮಾಡುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಖಾಲಿ ಮಾಡುವ ನಲ್ಲಿಯನ್ನು ಮೊದಲು ಮುಚ್ಚಿ ಸಾರ್ ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಆ ವರ್ಷವೇ ನಮ್ಮಪ್ಪನಿಗೆ ಬೆನ್ನು ಹಿಡಿದುಕೊಂಡು, ಮನೆಯಲ್ಲಿ ಇನ್ನೊಬ್ಬರು ದುಡಿಯಬೇಕಾಗಿ ಬಂತು. ಬೆಂಚಿನಿಂದ ಇಳಿದವನು ಶಾಲೆಯಿಂದಲೂ ಇಳಿದೆ. ಮುಂದೆ ಜೀವಮಾನವಿಡೀ ಆ ತೊಟ್ಟಿಯ ಲೆಕ್ಕವನ್ನೇ ಮಾಡಿ ಅನ್ನ ತಿಂದೆ. ಇವತ್ತು ಕೇಳಿದರೂ ನನ್ನ ಉತ್ತರ ಅದೇ.

ನಾನು ನಂಜುಂಡ. ಮನೆ ಕೆಸರೆ. ಶ್ರೀರಾಂಪುರದ ಕಡೆ ಒಂದು ಕ್ಲಬ್ಬಿನ ಈಜುಕೊಳವನ್ನು ನೋಡಿಕೊಳ್ಳುತ್ತಿದ್ದೆ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಸೈಕಲ್ಲು. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ದೊಡ್ಡ ಮನುಷ್ಯರು ಈಜುತ್ತಾರೆ, ನಾನು ಬರೆಯುವುದನ್ನು ಓದಿದರೆ ಕೆಲವರು ಇಳಿಯಲಾರರು. ಈಗ ಈ ಕೆಲಸಕ್ಕೆ ಬರುವ ಹುಡುಗರಿಗೆ ಮಾತ್ರೆ ಕರಗಿಸುವುದು, ನೀರಿನ ಬಣ್ಣ ನೋಡಿ ಪಟ್ಟಿಗೆ ಹೋಲಿಸುವುದು ಎಲ್ಲವನ್ನೂ ಕಲಿಸುತ್ತಾರೆ. ನೀರಿಗೆ ಏನೇನು ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದಕ್ಕೇ ಇದು.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ತೇಲುವುದಕ್ಕೆ ಹೆದರಬೇಡಿ, ಬಲೆ ಇದೆ. ಮುಳುಗುವುದಕ್ಕೂ ಹೆದರಬೇಡಿ, ಉಸಿರು ಬಿಗಿಹಿಡಿದು ಇಳಿದರೆ ಕೈಗೆ ಸಿಗುತ್ತದೆ. ಕರಗುವುದಕ್ಕೆ ಹೆದರಬೇಕು.

ತೇಲುವುದರಲ್ಲಿ ಎಲೆ, ಹುಳ, ಕಪ್ಪೆ, ಸಿಗರೇಟು, ಒಮ್ಮೆ ಒಂದು ಇಡೀ ಮಸಾಲೆ ದೋಸೆ. ಮಕ್ಕಳು ಬಿಡುವುದರ ಬಗ್ಗೆ ಬರೆಯುವುದಿಲ್ಲ, ಅದು ನಿಮಗೇ ಗೊತ್ತಾಗುತ್ತದೆ. ಮುಳುಗುವುದರಲ್ಲಿ ಉಂಗುರ, ಕೀಲಿಕೈ, ಎರಡು ಸಾವಿರದ ಇಸವಿ ದಾಟಿದ ಮೇಲೆ ಮೊಬೈಲು. ಒಂದು ಸಲ ಮೇಲಿನ ಸಾಲಿನ ಹಲ್ಲಿನ ಸೆಟ್ಟು ಕಳೆದುಹೋಗಿದೆ ಎಂದು ಒಬ್ಬ ಹಿರಿಯರು ದಡದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮುಳುಗಿ ಹುಡುಕಿದೆ. ಎರಡು ಸೆಟ್ಟು ಸಿಕ್ಕವು. ಅವರು ಎರಡನ್ನೂ ಹಾಕಿ ನೋಡಿ, ಎರಡನೆಯದೇ ಚೆನ್ನಾಗಿ ಕೂರುತ್ತದೆ ಎಂದು ಅದನ್ನೇ ತೆಗೆದುಕೊಂಡು ಹೋದರು.

ನಾನು ಸೇರಿದ್ದು ತೊಂಬತ್ತೊಂದರಲ್ಲಿ. ಆಗ ಮಿಲಿಟರಿಯಿಂದ ನಿವೃತ್ತರಾದವರೊಬ್ಬರು ಕಾರ್ಯದರ್ಶಿ. ನೀರಿನ ಪರೀಕ್ಷೆಗೆ ಅವರಲ್ಲಿ ಯಾವ ಪೆಟ್ಟಿಗೆಯೂ ಇರಲಿಲ್ಲ. ಬೆಳಿಗ್ಗೆ ಬಂದು ಆಳದ ಕಡೆ ಒಂದು ನಾಣ್ಯ ಎಸೆಯುವರು. ಮೇಲಿನಿಂದ ಸಿಂಹದ ತಲೆ ಕಂಡರೆ ಸರಿ. ಕಾಣದಿದ್ದರೆ ನನ್ನ ತಲೆ ಕಾಣುತ್ತಿತ್ತು ಅವರಿಗೆ. ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಕೈಯಿಂದಲೇ ಎರಚುತ್ತಿದ್ದೆ. ಹೆಚ್ಚಾಯಿತೋ ಕಡಿಮೆಯಾಯಿತೋ ಮೂಗೇ ಹೇಳಬೇಕು. ಬಲೆ ಎಂದರೆ ಹಳೆಯ ಸೊಳ್ಳೆಪರದೆಗೆ ಕಟ್ಟಿದ ಬಿದಿರಿನ ಗಳ. ನಾನೇ ಮಾಡಿದ್ದು. ಕಂಪನಿ ಬಲೆ ಬಂದ ಮೇಲೂ ಅದರಷ್ಟು ಚೆನ್ನಾಗಿ ಕಸ ಬಾಚುವ ಬಲೆಯನ್ನು ನಾನು ಕಾಣಲಿಲ್ಲ.

ಕರಗುವುದರ ಮೊದಲ ಪಾಠ ನರಕ ಚತುರ್ದಶಿಯಂದು ಆಯಿತು. ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದ ಸದಸ್ಯರೊಬ್ಬರು ಬೆಳಿಗ್ಗೆ ಆಟೋದಿಂದ ಇಳಿದರು. ಮೈಯೆಲ್ಲ ಫಳಫಳ. ನೆತ್ತಿಯಿಂದ ಹಿಮ್ಮಡಿವರೆಗೆ ಹರಳೆಣ್ಣೆ. ಮನೆಯ ಹಂಡೆ ಸೋರುತ್ತಿದೆಯಂತೆ, ಕೈಯಲ್ಲಿ ಸೀಗೆಪುಡಿಯ ಡಬ್ಬ. ನಾನು ಓಡಿಬರುವ ಮೊದಲೇ ಮೆಟ್ಟಿಲಿಳಿದು ಕುತ್ತಿಗೆವರೆಗೆ ನೀರಲ್ಲಿ ಕೂತಿದ್ದರು. ಇದೇನು ಸ್ವಾಮಿ ಎಂದರೆ, "ಅಭ್ಯಂಜನ ಕಣಯ್ಯಾ. ಇಷ್ಟು ನೀರಲ್ಲಿ ಮಾಡೋ ಯೋಗ ಯಾರಿಗುಂಟು? ಬಾ, ಬೆನ್ನಿಗೆ ಸ್ವಲ್ಪ ಸೀಗೆಪುಡಿ ಹಾಕು" ಎಂದರು.

ಹಬ್ಬದ ದಿನ, ಹಿರಿಯರು, ಬೆನ್ನು ಉಜ್ಜಿದೆ.

ಆಮೇಲೆ ನೀರಿನ ಮೇಲೆ ಎಣ್ಣೆಯ ಪದರ, ಅದರ ಮೇಲೆ ಕಂದು ನೊರೆ. ಮನೆಯಿಂದ ನನ್ನ ಹೆಂಡತಿ ರತ್ನಮ್ಮನ ಹಳೆಯ ನೂಲಿನ ಸೀರೆ ತಂದು, ಈ ದಡದಲ್ಲಿ ನಾನು, ಆ ದಡದಲ್ಲಿ ವಾಚ್‌ಮನ್ ಮರಿಸ್ವಾಮಿ ಹಿಡಿದು, ನೀರಿನ ಮೇಲೆ ಹಾಸಿ ಮೆಲ್ಲಗೆ ಎಳೆದೆವು. ಸೀರೆ ಎಣ್ಣೆ ಕುಡಿಯಿತು. ಹಿಂಡಿ ಮತ್ತೆ ಎಳೆದೆವು. ಆವತ್ತಿನಿಂದ ನಾನೇ ಕಾನೂನು ಮಾಡಿದೆ. ಯಾರೇ ಆಗಲಿ, ಮೊದಲು ಶವರ್ ಕೆಳಗೆ ನಿಂತು ಮೈ ತೊಳೆಯಬೇಕು. ತಲೆಗೆ ರಬ್ಬರ್ ಟೋಪಿ ಹಾಕಬೇಕು. ಕ್ಲಬ್ಬಿನ ಅಧ್ಯಕ್ಷರಾದರೂ ಸರಿ. ಈ ಕಾನೂನಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಮುಂದೆ ಅದೇ ನನ್ನ ಕುತ್ತಿಗೆಗೆ ಬಂತು.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಎಮ್ಮೆ ಬಿತ್ತು. ಕ್ಲಬ್ಬಿನ ಹಿಂದೆ ಆಗ ಇನ್ನೂ ಹೊಲ, ದನದ ಕೊಟ್ಟಿಗೆಗಳಿದ್ದವು. ಕಾಂಪೌಂಡಿನ ಒಂದು ಮೂಲೆ ಕುಸಿದಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ನಡುನೀರಿನಲ್ಲಿ ಒಂದು ಮೂಗು, ಎರಡು ಕೊಂಬು, ಅರ್ಧ ಮುಚ್ಚಿದ ಎರಡು ಕಣ್ಣು. ಅಷ್ಟು ಸುಖವಾಗಿ ಆ ಕೊಳದಲ್ಲಿ ಯಾವ ಸದಸ್ಯರೂ ಕೂತದ್ದನ್ನು ನಾನು ಕಂಡಿಲ್ಲ. ಹಗ್ಗ ಹಾಕಿದೆವು, ಹುಲ್ಲು ತೋರಿಸಿದೆವು, ಅಡುಗೆಯ ಭಟ್ಟರು ಒಂದು ಹೆಡಿಗೆ ಬಾಳೆಸಿಪ್ಪೆ ತಂದರು. ಅದು ಕಿವಿ ಆಡಿಸಿತು, ಅಷ್ಟೆ. ಕೊನೆಗೆ ಒಡತಿ ಕೆಂಪಮ್ಮ ಬಂದಳು. ಬಂದವಳು ನಮ್ಮನ್ನೇ ಬೈದಳು. "ಇದೆಂತಾ ಕೆರೆ ಕಣ್ರಯ್ಯಾ? ಏರಿ ಇಲ್ಲ, ಬೇಲಿ ಇಲ್ಲ. ತಳ ಬ್ಯಾರೆ ಜಾರ್ತದೆ. ನನ್ನೆಮ್ಮೆ ಕಾಲ್ ಮುರುದ್ರೆ ಯಾರ್ ಕೊಡ್ತೀರಿ?" ಕರು ತಂದು ಮೆಟ್ಟಿಲ ಬಳಿ ಕಟ್ಟಿ, ಬಕೆಟ್ಟು ಬಡಿದಳು. ಹಾಲು ಕರೆಯುವ ಹೊತ್ತಾಗಿತ್ತು. ಎಮ್ಮೆ ಎದ್ದು ರಾಣಿಯ ಹಾಗೆ ಮೆಟ್ಟಿಲು ಹತ್ತಿ ಬಂದು ಶವರ್ ಪಕ್ಕದಲ್ಲೇ ನಿಂತು ಹಾಲು ಕೊಟ್ಟಿತು.

ಹಾಲು ಕೊಡುವ ಮೊದಲು ನೀರಿನಲ್ಲಿ ಏನೇನು ಕೊಟ್ಟಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ಇಡೀ ಕೊಳ ಖಾಲಿ ಮಾಡಿ ಉಜ್ಜಿ ತೊಳೆದು ತುಂಬಿಸಿದೆವು. ಮಳೆಯಿಲ್ಲದ ವರ್ಷ. ಬೋರ್‌ವೆಲ್ ಗೊರಗೊರ ಎನ್ನುತ್ತಿತ್ತು, ಟ್ಯಾಂಕರುಗಳ ಮೇಲೆ ಟ್ಯಾಂಕರು ಬಂದವು. ಸುತ್ತಲಿನ ಮನೆಯವರು ಕೊಡ ಹಿಡಿದು ಗೇಟಿಗೆ ಬಂದು ನಿಂತರು. ಅವರಿಗೂ ಕೊಡಬೇಕಾಯಿತು.

ಅಧ್ಯಕ್ಷರು ರಾಜಶೇಖರಯ್ಯ. ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ, ಲೆಕ್ಕದ ಮನುಷ್ಯ. ಅವರಿಗೆ ಮೊದಲಿನಿಂದಲೂ ಕೊಳದ ಜಾಗದಲ್ಲಿ ಪಾರ್ಟಿ ಹಾಲ್ ಕಟ್ಟಿಸುವ ಆಸೆ. ಕಮಿಟಿಯಲ್ಲಿ ನಿರ್ಣಯ ಆಯಿತು: ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯೊಳಗೆ ಕೊಳವನ್ನು ಇನ್ನೊಂದು ಸಲ ಖಾಲಿ ಮಾಡಬೇಕಾಗಿ ಬಂದರೆ, ಮಣ್ಣು ತುಂಬಿಸಿ ಮುಚ್ಚುವುದು. ಮುಚ್ಚಿದರೆ ನಾನೂ ಮನೆಗೆ. ನನ್ನ ಇಬ್ಬರು ಹೆಣ್ಣುಮಕ್ಕಳು ಆಗ ಹೈಸ್ಕೂಲು. ನಲವತ್ತು ದಾಟಿದ, ಏಳನೇ ಕ್ಲಾಸಿನ, ನೀರು ಸೋಸುವುದು ಬಿಟ್ಟು ಬೇರೇನೂ ಬಾರದ ಮನುಷ್ಯನಿಗೆ ಇನ್ನೆಲ್ಲಿ ಕೆಲಸ? ಆ ಬೇಸಿಗೆಯಿಡೀ ನಾನು ಕೊಳವನ್ನು ಹಸುಗೂಸು ಕಾದ ಹಾಗೆ ಕಾದೆ. ಕುಸಿದ ಗೋಡೆಯನ್ನು ಮರಿಸ್ವಾಮಿಯೂ ನಾನೂ ಸೇರಿ ನಾವೇ ಕಟ್ಟಿದೆವು.

ಸೆಪ್ಟೆಂಬರ್ ಬಂತು. ಭಾನುವಾರ ಸಭೆ. ಅದೇ ವಾರ ಗಣಪತಿ ಹಬ್ಬ. ಕ್ಲಬ್ಬಿನ ಹೆಂಗಸರು ಆ ವರ್ಷ ಹೊಸದಾಗಿ ಹಾಲ್‌ನಲ್ಲಿ ಮಣ್ಣಿನ ಗಣಪತಿ ಕೂರಿಸಿದ್ದರು. ನಾನು ಹೋಗಿ ಪ್ರಸಾದವನ್ನೂ ತಿಂದು ಬಂದಿದ್ದೆ.

ಇಲ್ಲಿ ಇನ್ನೊಬ್ಬರನ್ನು ಪರಿಚಯ ಮಾಡಿಕೊಡಬೇಕು. ಅಧ್ಯಕ್ಷರ ಅಳಿಯ. ಅವರ ಹೆಸರೂ ಗಣಪತಿ. ಹೆಸರಿಗೆ ತಕ್ಕ ಮೈಕಟ್ಟು. ಈಜು ಕಲಿಯಬೇಕೆಂದು ಬಹಳ ಆಸೆ, ನೀರೆಂದರೆ ಭಯ. ದಡದಲ್ಲಿ ಕೂತು, ಒಂದು ದಿನ ಧೈರ್ಯ ಮಾಡಿ ಬರುತ್ತೇನೆ ನಂಜುಂಡಣ್ಣ, ಮೆಲ್ಲಗೆ ನೀರಿಗೆ ಬಿಡಿ ಎನ್ನುತ್ತಿದ್ದರು.

ಗುರುವಾರ ನನ್ನ ವಾರದ ರಜೆ. ಸಂಜೆ ಪಕ್ಕದ ದಿನಸಿ ಅಂಗಡಿಗೆ ಫೋನು ಬಂತು, ಕರೆದರು. ನಮ್ಮ ಬೀದಿಯ ಗಣಪತಿಯ ಮೈಕು ಅಂಗಡಿಯ ನೆತ್ತಿಯ ಮೇಲೇ ಕೂಗುತ್ತಿತ್ತು. ಆ ಕಡೆ ಹೊಸ ಕಾರ್ಯದರ್ಶಿ ಶೇಷಾದ್ರಿಗಳು. ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು, ಒಳ್ಳೆಯವರು, ಯಾವುದನ್ನೂ ಕೇಳದೆ ಮಾಡುವವರಲ್ಲ. ವಯಸ್ಸಾದವರಾದ್ದರಿಂದ ಎಲ್ಲರನ್ನೂ ಏಕವಚನದಲ್ಲೇ ಕರೆಯುವರು.

"ನಂಜುಂಡ, ಗಣಪತಿನ ಪೂಲಿಗೇ ಬಿಡೋಣ ಅಂತಿದಾರೆ. ಬಿಡಬಹುದೇನಯ್ಯ?"

"ಧಾರಾಳವಾಗಿ ಬಿಡಿ ಸಾರ್. ಆದ್ರೆ ಮೊದಲು ಶವರ್ ಕೆಳಗೆ ಮೈ ತೊಳೆಸಬೇಕು. ತಲೆಗೆ ಟೋಪಿ ಹಾಕದೆ ಬಿಡಕೂಡದು."

"ಟೋಪಿ ಹಾಕಲೇಬೇಕಾ?"

"ಎಷ್ಟೇ ದೊಡ್ಡವರಾಗ್ಲಿ ಸಾರ್, ರೂಲ್ಸು ಒಂದೇ."

"ಸರಿ ಸರಿ. ಟೆಕ್ನಿಕಲ್ ವಿಷಯ, ನೀನು ಹೇಳಿದ ಮೇಲೆ ಮುಗೀತು. ಭಾರ ಜಾಸ್ತಿ ಇದೆ ಕಣಯ್ಯ."

"ನಾಲ್ಕು ಜನ ಹಿಡ್ಕೊಂಡು ಮೂರಡಿ ಕಡೆಯಿಂದ ಇಳಿಸಿ. ಒಂದೇ ಸಲಕ್ಕೆ ಬುಟ್ಬುಡಬೇಡಿ ಸಾರ್. ಎರಡು ಮೂರು ಸಲ ಮುಳುಗಿಸಿ ಎತ್ತಿ, ಆಮೇಲೆ ಕೈ ಬುಡಿ."

"ಅಷ್ಟು ಗೊತ್ತಿಲ್ವೇನಯ್ಯ ನಮಗೆ? ಮೂರು ಸಲ ಮುಳುಗಿಸಿ ಬಿಡೋದು. ನೀರಿಗೇನೂ ಆಗಲ್ಲ ತಾನೆ?"

"ಎಣ್ಣೆಗಿಣ್ಣೆ ಇಲ್ಲ ತಾನೆ ಮೈಮೇಲೆ?"

"ಇಲ್ಲಪ್ಪ, ಬರೀ ಅರಿಶಿನ ಕುಂಕುಮ."

ಹಬ್ಬದ ಮನೆಯಿಂದ ಬಂದಿರುವ ಅಳಿಯಂದಿರು, ಕುಂಕುಮ ಇರದೆ ಇರುತ್ತದೆಯೇ? ಶವರ್‌ನಲ್ಲಿ ಹೋಗುತ್ತದೆ ಬಿಡಿ ಸಾರ್, ಮಿಕ್ಕಿದ್ದು ನಾಳೆ ನಾನು ಬಂದು ನೋಡಿಕೊಳ್ಳುತ್ತೇನೆ ಎಂದು ಫೋನಿಟ್ಟೆ. ಬ್ಯಾಂಕಿನವರಾದರೂ ಈಜು ಕಲಿಸುವ ಕ್ರಮ ಎಷ್ಟು ಚೆನ್ನಾಗಿ ತಿಳಿದಿದೆ ಎಂದು ರತ್ನಮ್ಮನ ಹತ್ತಿರ ಹೊಗಳಿದೆ ಕೂಡ.

ಶುಕ್ರವಾರ ಬೆಳಿಗ್ಗೆ ಹೋದಾಗ ಗೇಟಿನಲ್ಲಿ ಮರಿಸ್ವಾಮಿ ನನ್ನ ಮುಖ ನೋಡಲಿಲ್ಲ. ಕೊಳದ ಹತ್ತಿರ ಹೋದೆ. ನೀರು ಹಾಲು ಕಡಿಮೆ ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ಮೇಲೆ ಗರಿಕೆ, ಎಕ್ಕದ ಹೂವಿನ ಹಾರ, ಒಂದು ಕಾಗದದ ಛತ್ರಿ. ಮೂರಡಿ ಕಡೆ ಬಗ್ಗಿ ನೋಡಿದೆ. ತಳದಲ್ಲಿ ಮಣೆಯ ಮೇಲೆ ವಿಘ್ನೇಶ್ವರ ಕೂತಿದ್ದ. ಸೊಂಡಿಲು ಹೋಗಿತ್ತು, ಎರಡು ಕೈ ಹೋಗಿದ್ದವು, ಹೊಟ್ಟೆ ಇನ್ನೂ ಗಟ್ಟಿಯಾಗಿತ್ತು. ತಲೆಗೆ ಕಿವಿವರೆಗೂ ಎಳೆದು ಹಾಕಿದ ನೀಲಿ ರಬ್ಬರ್ ಟೋಪಿ.

ಹಿಂದೆ ಶೇಷಾದ್ರಿಗಳು ಬಂದು ನಿಂತರು. "ಕಿರೀಟದ ಬಣ್ಣ ನೀರಿಗೆ ಬಿಡದ ಹಾಗೆ ಟೋಪಿ ಅಂದುಕೊಂಡೆ ಕಣಯ್ಯ. ಹಾಕೋಕೆ ಎಷ್ಟು ಕಷ್ಟಪಟ್ಟೆವು ಗೊತ್ತಾ? ಶವರ್ ಕೆಳಗೆ ಇಟ್ಟಾಗಲೇ ಒಂದು ಕಿವಿ ಮೆತ್ತಗಾಗಿಬಿಡ್ತು."

ನಾನು ಯಾವ ಗಣಪತಿ ಎಂದುಕೊಂಡಿದ್ದೆ ಎಂದು ಹೇಳಿದೆ. ಅವರು ದಡದ ಮೇಲೆ ಕೂತುಬಿಟ್ಟರು. ಅವರಿಗೆ ನಗು ಬಂತೋ ಅಳು ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾವಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದೆವು. ಭಾನುವಾರದವರೆಗೆ ಅಧ್ಯಕ್ಷರು ಕೊಳದ ಕಡೆ ಬರಬಾರದು.

ಮೊದಲು ಗಣಪತಿಯನ್ನು ತೆಗೆಯಬೇಕು. ಇದ್ದಷ್ಟು ಹೊತ್ತೂ ಕರಗುತ್ತಲೇ ಇರುತ್ತಾನೆ. ಮರಿಸ್ವಾಮಿ ಮುಟ್ಟಲು ಒಪ್ಪಲಿಲ್ಲ. "ಬುಟ್ಟಿರೋ ಗಣಪತಿನ ನೀರಿಂದ ಎತ್ತಬಾರದು ಕಣಣ್ಣೋ. ಎತ್ತಿದ ಮನೆ ಉದ್ಧಾರ ಆಗಲ್ಲ." ಭಟ್ಟರೂ ತಲೆಯಾಡಿಸಿದರು, ಕರಗುವವರೆಗೆ ನೀರಲ್ಲೇ ಇರಬೇಕು ಎಂದರು. ನನ್ನ ಕೆಲಸದ ಧರ್ಮ ಕರಗಬಾರದು ಎನ್ನುತ್ತದೆ, ದೇವರ ಧರ್ಮ ಕರಗಲೇಬೇಕು ಎನ್ನುತ್ತದೆ. ಇಂಥ ಸಂಕಟ ಯಾವ ಟ್ರೇನಿಂಗಿನಲ್ಲೂ ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ಸುಮ್ಮನೆ ನೀರನ್ನೇ ನೋಡುತ್ತ ಕೂತೆ. ನೀರಿನಿಂದ ಎತ್ತಬಾರದು ಅಷ್ಟೇ ತಾನೆ? ನೀರಿನ ಸಮೇತ ಎತ್ತಿದರೆ?

ಭಟ್ಟರ ಅಡುಗೆಮನೆಯಲ್ಲಿ ಬಿಸಿಬೇಳೆ ಬಾತ್ ಮಾಡುವ ದೊಡ್ಡ ಕೊಪ್ಪರಿಗೆ ಇತ್ತು. ಅದನ್ನು ಕೊಳದಲ್ಲಿ ಮುಳುಗಿಸಿ ಒರಗಿಸಿದೆ. ಮಣೆಯನ್ನು ಮೆಲ್ಲಗೆ ಜಾರಿಸಿ ಸ್ವಾಮಿಯನ್ನು ಒಳಗೆ ಕೂರಿಸಿ, ಕೊಪ್ಪರಿಗೆಯನ್ನು ನೆಟ್ಟಗೆ ಮಾಡಿದೆ. ಸುತ್ತ ನೀರು, ನಡುವೆ ಅವನು, ಹೊಟ್ಟೆಯ ಮೇಲಿನವರೆಗೂ ಮುಳುಗಿದ್ದ. ಮರಿಸ್ವಾಮಿ ಬಗ್ಗಿ ನೋಡಿ, ಹೊಟ್ಟೆ ಮುಳುಗಿದ್ದರೆ ಲೆಕ್ಕಕ್ಕೆ ಬರುತ್ತದೆ ಎಂದು ತೀರ್ಪು ಕೊಟ್ಟು ತಾನೂ ಒಂದು ಹಿಡಿ ಹಿಡಿದ. ನಾಲ್ಕು ಜನ ಜೈಕಾರ ಹಾಕುತ್ತ ಗೂಡ್ಸ್ ಆಟೋಗೆ ಏರಿಸಿ, ಕೆಂಪಮ್ಮನ ಹೊಲದ ಬಾವಿಗೆ ನೀರಿನ ಸಮೇತ ಬಿಟ್ಟು ಬಂದೆವು. ಟೋಪಿ ಮಹಿಳಾ ವಿಭಾಗದ ಪದ್ಮಮ್ಮನವರದು. ಪ್ರಸಾದ ಎಂದು ವಾಪಸು ಇಸಿದುಕೊಂಡರು. ಆ ಕೊಪ್ಪರಿಗೆಯಲ್ಲಿ ಮುಂದೆ ಭಟ್ಟರು ಈರುಳ್ಳಿ ಹಾಕಲು ಒಪ್ಪಲೇ ಇಲ್ಲ.

ಇನ್ನು ನೀರು. ದೇವರಾಜ ಮೊಹಲ್ಲಾಕ್ಕೆ ಹೋಗಿ, ಅಧ್ಯಕ್ಷರ ಬಟ್ಟೆ ಅಂಗಡಿಯ ಎದುರಿಗೆ ಸಿಗದ ಹಾಗೆ ಹಿಂದಿನ ಸಂದಿಯಿಂದ ಸುತ್ತಿ, ಒಂದು ಮೂಟೆ ಪಟಿಕ ತಂದೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. ಕುಟ್ಟಿ, ಕರಗಿಸಿ, ಕೊಳದ ಸುತ್ತ ತಿರುಗಿ ಎರಚಿದೆ. ಪಂಪು ನಿಲ್ಲಿಸಿದೆ. ನೀರನ್ನು ಅಲ್ಲಾಡಿಸಬಾರದು, ಮಣ್ಣು ತಾನಾಗಿ ಕೂರಬೇಕು. ಬೋರ್ಡಿನ ಮೇಲೆ "ರಿಪೇರಿ" ಎಂದು ಬರೆದು ನೇತುಹಾಕಿದೆ. ಶನಿವಾರ ಸಂಜೆಗೆ ಮೆಟ್ಟಿಲು ಕಂಡಿತು. ಭಾನುವಾರ ಬೆಳಿಗ್ಗೆ ತಳದ ಬಿಳಿ ಟೈಲ್ಸು ಕಂಡವು, ಆದರೆ ಅದರ ಮೇಲೆ ಕೆನೆಯ ಹಾಗೆ ತೆಳ್ಳಗೆ ಮಣ್ಣು. ಹೀರುವ ಪೈಪು ಹಾಕಿದರೆ ಅರ್ಧ ದಿನದ ಕೆಲಸ, ಹಾಕುತ್ತಿದ್ದಂತೆ ರಾಡಿ ಏಳುತ್ತದೆ. ಸಭೆ ಹತ್ತೂವರೆಗೆ. ಅಲ್ಲಿಯವರೆಗೆ ಒಬ್ಬರೂ ನೀರಿಗಿಳಿಯದಿದ್ದರೆ ಬಚಾವು. ಒಬ್ಬರು ಇಳಿದರೂ ಮತ್ತೆ ಟೀ.

ಹತ್ತು ಗಂಟೆಗೆ ಅಳಿಯ ಗಣಪತಿಯವರು ಟವೆಲ್ ಹೊದ್ದು, ಟೋಪಿ ಹಾಕಿ, ಶವರ್ ಮುಗಿಸಿ ಮೂರಡಿಯ ಮೆಟ್ಟಿಲ ಬಳಿ ಬಂದು ನಿಂತರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಆವತ್ತೇ ಧೈರ್ಯ ಬಂದಿತ್ತು.

"ನಂಜುಂಡಣ್ಣ, ಇವತ್ತು ಬಿಡಿ ನನ್ನ" ಎಂದರು.

ಬೇರೆ ದಾರಿಯಿರಲಿಲ್ಲ, ನಡೆದದ್ದೆಲ್ಲವನ್ನೂ ಹೇಳಿದೆ. ಫೋನು, ಟೋಪಿ, ಕೊಪ್ಪರಿಗೆ ಎಲ್ಲ. ಕೊಳ ಮುಚ್ಚಿದರೆ ನನ್ನ ಗತಿಯನ್ನೂ ಹೇಳಿದೆ. ಅವರು ನಗಲು ಶುರುಮಾಡಿದವರು ಮೈಯೆಲ್ಲ ಕುಲುಕಿ ಕೆಳಗೇ ಬೀಳುತ್ತಾರೇನೋ ಎಂದು ನಾನು ಸೊಂಟ ಹಿಡಿದುಕೊಂಡೆ. ಆಮೇಲೆ ಮುಖದಲ್ಲಿ ಒಂಥರಾ ನೆಮ್ಮದಿ. ನೀರಿಗಿಳಿಯದಿರಲು ಅಷ್ಟು ದೊಡ್ಡ ಕಾರಣ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಮೆಟ್ಟಿಲಿಗೆ ಅಡ್ಡ ಕುರ್ಚಿ ಹಾಕಿ ಕೂತುಬಿಟ್ಟರು. ಅವರು ಕೂತ ಮೇಲೆ ಆ ಕಡೆ ದಾರಿಯೇ ಇರಲಿಲ್ಲ.

ಸಭೆಗೆ ಮೊದಲು ಅಧ್ಯಕ್ಷರು ಹತ್ತು ಹದಿನೈದು ಸದಸ್ಯರನ್ನು ಕರೆದುಕೊಂಡು ಬಂದೇ ಬಂದರು. ಹಬ್ಬದಲ್ಲಿ ಏನೋ ಆಗಿದೆ ಎಂದು ಯಾರೋ ಕಿವಿಗೆ ಹಾಕಿದ್ದರು. ಹಳೆಯ ಕಾರ್ಯದರ್ಶಿಗಳ ಹಾಗೆ ಜೇಬಿನಿಂದ ನಾಣ್ಯ ತೆಗೆದು ಎಂಟಡಿ ಕಡೆ ಎಸೆದರು. ನಾಣ್ಯ ತಿರುಗುತ್ತ ಇಳಿದು ತಳ ಮುಟ್ಟಿದ ಕಡೆ ಒಂದು ಚಿಟಿಕೆ ಮಣ್ಣು ಬೀಡಿ ಹೊಗೆಯ ಹಾಗೆ ಎದ್ದಿತು. ಅಧ್ಯಕ್ಷರು ಕನ್ನಡಕ ಏರಿಸಿ ಬಗ್ಗಿದರು. ಅಷ್ಟರಲ್ಲಿ ಅಳಿಯಂದಿರು ಪಕ್ಕಕ್ಕೆ ಬಂದು ತಾವೂ ಬಗ್ಗಿದರು. ಅವರು ಬಗ್ಗಿದರೆ ಆ ದಡದಿಂದ ಬೇರೆಯವರಿಗೆ ನೀರು ಕಾಣಿಸುವುದಿಲ್ಲ.

"ಸಿಂಹ ಚೆನ್ನಾಗಿ ಕಾಣ್ತಿದೆ ಮಾವ."

ಮಾವ ಅಳಿಯನನ್ನು ನೋಡಿದರು, ನೀರನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು. ಮೈಮೇಲೆ ಟೋಪಿ ಟವೆಲ್ಲು ಬಿಟ್ಟು ಬೇರೇನೂ ಇಲ್ಲದ ಅಳಿಯನ ಜೊತೆ ಅಷ್ಟು ಸದಸ್ಯರ ಎದುರಿಗೆ ವಾದ ಮಾಡುವುದು ಅವರಿಗೆ ಬೇಡವಾಗಿತ್ತು ಎಂದು ಕಾಣುತ್ತದೆ. ಸರಿ, ಸಭೆಗೆ ಹೊತ್ತಾಯಿತು ನಡೀರಿ ಎಂದರು. ಸಭೆಯಲ್ಲಿ ಶೇಷಾದ್ರಿಗಳು ಎದ್ದು, ಬೇಸಿಗೆಯ ನಂತರ ಕೊಳವನ್ನು ಖಾಲಿ ಮಾಡಿಲ್ಲ ಎಂದು ಓದಿದರು. ಅದು ಸುಳ್ಳಲ್ಲ. ಪಾರ್ಟಿ ಹಾಲನ್ನು ಷಟಲ್ ಅಂಗಳದ ಪಕ್ಕ ಕಟ್ಟುವುದೆಂದು ತೀರ್ಮಾನವಾಯಿತು. ಮಧ್ಯಾಹ್ನ ನಾನು ಪೈಪು ಹಾಕಿ, ತಳದಲ್ಲಿದ್ದ ವಿಘ್ನೇಶ್ವರನ ಉಳಿದ ಭಾಗವನ್ನು ಹೀರಿ, ಸಂಪಿಗೆ ಗಿಡದ ಬುಡಕ್ಕೆ ಬಿಟ್ಟೆ. ಕೈಮುಗಿದೇ ಬಿಟ್ಟೆ.

ಹುಡುಗರೇ, ಅದಾದ ಮೇಲೂ ಬಹಳ ವರ್ಷ ಆ ನೀರಿಗೆ ಬೀಳಬಾರದ್ದೆಲ್ಲ ಬಿತ್ತು. ನಾನು ಖಾಲಿ ಮಾಡಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿದರು, ಅದರ ಎಸಳು ಕೂಡ ನೀರಿಗೆ ಉದುರದ ಹಾಗೆ ದೂರ ನಿಂತು ಹಾಕಿಸಿಕೊಂಡೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕೆಸರೆಯಲ್ಲಿ ಎರಡು ಕೋಣೆಯ ಮನೆ. ರತ್ನಮ್ಮ. ಓದು ಮುಗಿಸಿದ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಕೆಲಸದಲ್ಲಿದ್ದಾರೆ. ಮೂರು ಮೊಮ್ಮಕ್ಕಳು. ಒಂದು ಸೈಕಲ್ಲು. ಬ್ಲೀಚಿಂಗ್ ಪುಡಿ ತಿಂದು ಬಿಳುಚಿದ ಹತ್ತು ಬೆರಳು. ಮತ್ತೆ ಶ್ರೀರಾಂಪುರದ ಕಡೆ ನೀರು ತುಂಬಿದ ಒಂದು ಕೊಳ. ಅದು ನನ್ನದಲ್ಲ, ಆದರೂ ಲೆಕ್ಕಕ್ಕೆ ಹಿಡಿದಿದ್ದೇನೆ.